ಚಾಲಕರಹಿತ ವಾಹನ ಕ್ಷೇತ್ರದ ಹಿರಿಯ ಎಂಜಿನಿಯರಿಂಗ್ ಹುದ್ದೆಗೆ ಅರ್ಜಿ ಹಾಕುವುದು ಹೇಗೆ? ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯ ಬಿಐಇಟಿ, ಯುಬಿಡಿಟಿ ಅಥವಾ ಚಿತ್ರದುರ್ಗದ ಎಸ್‌ಜೆಎಂಐಟಿಯಲ್ಲಿ ಓದಿ, ಬೆಂಗಳೂರು ಇಲ್ಲವೇ ಪುಣೆಯಲ್ಲಿ ಹದಿನೈದಿಪ್ಪತ್ತು ವರ್ಷ ವಾಹನಗಳ ಸಾಫ್ಟ್‌ವೇರ್ ಕೆಲಸ ಮಾಡಿ, ಈಗ ತಂಡಗಳನ್ನು ನಡೆಸುತ್ತಿರುವ ನಮ್ಮ ಕಡೆಯ ಎಂಜಿನಿಯರುಗಳು ಕಡಿಮೆಯೇನಿಲ್ಲ. ಈ ಬರಹ ಅವರಿಗಾಗಿ. ಈ ವರ್ಷ ಪದವಿ ಮುಗಿಸಿದವರಿಗೆ ಇದರಿಂದ ಸಿಗುವ ಪ್ರಯೋಜನ ಅಷ್ಟಕ್ಕಷ್ಟೇ.

ಸಂದರ್ಶನದ ಮೇಜಿನ ಎರಡೂ ಬದಿಯಲ್ಲಿ ಕುಳಿತ ಅನುಭವದಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಹುದ್ದೆ ಕೈತಪ್ಪುವುದು ತಂತ್ರಜ್ಞಾನ ಬಾರದ್ದರಿಂದ ಎನ್ನುವುದು ಅಪರೂಪ. ಹತ್ತು ವರ್ಷದಲ್ಲಿ ತಾನು ಏನನ್ನು ನಿರ್ಧರಿಸಿದೆ ಎಂದು ಹೇಳಲಾಗದೆ ಒದ್ದಾಡುವವರೇ ಹೆಚ್ಚು. ಪೂರ್ತಿ ಮಾಹಿತಿ ಇಲ್ಲದಿರುವಾಗ, ದಾರಿಹೋಕರ ಜೀವ ಪಣಕ್ಕಿರುವಾಗ, ವಾಹನವನ್ನು ರಸ್ತೆಗೆ ಬಿಡಬಹುದೋ ಬಾರದೋ ಎಂದು ಹೇಳುವುದಕ್ಕೇ ಕಂಪನಿ ಈ ಕುರ್ಚಿಗೆ ದೊಡ್ಡ ಸಂಬಳ ಕೊಡುತ್ತದೆ. ಅರ್ಜಿಯ ಪ್ರತಿಯೊಂದು ಸಾಲೂ ಆ ಸಾಮರ್ಥ್ಯಕ್ಕೆ ಸಾಕ್ಷಿ ಆಗಬೇಕು.

ಮೊದಲ ಹೆಜ್ಜೆ: ಯಾವ ಹುದ್ದೆ, ಯಾವ ಹಂತ

ಜಾಹೀರಾತಿನಲ್ಲಿ ‘ಸ್ವಯಂಚಾಲನೆ’ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಕೆಲಸಗಳು ಬರುತ್ತವೆ. ಎಸ್‌ಎಇ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆಯ ಜೆ3016 ದಾಖಲೆ ಸೊನ್ನೆಯಿಂದ ಐದರವರೆಗೆ ಆರು ಹಂತಗಳನ್ನು ಗುರುತಿಸುತ್ತದೆ. ಎರಡನೆಯ ಹಂತದವರೆಗೆ ಕಣ್ಣು ರಸ್ತೆಯ ಮೇಲಿರಬೇಕಾದವನು ಚಾಲಕನೇ. ಮೂರನೆಯದರಲ್ಲಿ ವ್ಯವಸ್ಥೆ ಓಡಿಸುತ್ತದೆ, ಕರೆದಾಗ ಚಾಲಕ ಸಿದ್ಧನಿರಬೇಕು. ನಾಲ್ಕರಲ್ಲಿ ನಿಗದಿಪಡಿಸಿದ ಪ್ರದೇಶ, ಹವಾಮಾನ ಮತ್ತು ವೇಗದ ಮಿತಿಯೊಳಗೆ ಚಾಲಕನೇ ಬೇಡ. ಎರಡನೆಯ ಹಂತದ ಚಾಲಕ ಸಹಾಯಕ ವ್ಯವಸ್ಥೆಯ ತಂಡ ಕಾರು ತಯಾರಿಕೆಯ ವೇಳಾಪಟ್ಟಿ, ಪೂರೈಕೆದಾರರು, ಬಿಡಿಭಾಗದ ಬೆಲೆ ಇವುಗಳ ಸುತ್ತ ತಿರುಗುತ್ತದೆ. ನಾಲ್ಕನೆಯ ಹಂತದ ತಂಡದ ದಿನಗಳು ಸಿಮ್ಯುಲೇಷನ್, ದತ್ತಾಂಶ ಮತ್ತು ವಾಹನ ಸುರಕ್ಷಿತ ಎಂದು ಪುರಾವೆ ಸಹಿತ ವಾದ ಕಟ್ಟುವುದರಲ್ಲಿ ಕಳೆಯುತ್ತವೆ. ಎರಡಕ್ಕೂ ಒಂದೇ ರೆಸ್ಯೂಮ್ ಕಳಿಸಿದರೆ ಎರಡೂ ಕಡೆ ಬದಿಗಿಡುತ್ತಾರೆ.

ಭಾರತದ ಚಿತ್ರ ಸ್ಪಷ್ಟವಾಗಿರಲಿ. ಕೇಂದ್ರ ಸಚಿವ ನಿತಿನ್ ಗಡ್ಕರಿ ಚಾಲಕರ ಉದ್ಯೋಗದ ಕಾರಣ ಕೊಟ್ಟು, ಚಾಲಕರಹಿತ ಕಾರುಗಳಿಗೆ ಅವಕಾಶ ಕೊಡುವುದಿಲ್ಲ ಎಂದು 2017ರಲ್ಲೂ 2023ರಲ್ಲೂ ಹೇಳಿದ್ದಾರೆ. ಹೀಗಾಗಿ ಬೆಂಗಳೂರಿನಲ್ಲಿ ಬಾಷ್, ಮರ್ಸಿಡಿಸ್‌-ಬೆಂಜ್‌, ಎನ್‌ವಿಡಿಯಾದಂಥ ಕಂಪನಿಗಳ ಕೇಂದ್ರಗಳಲ್ಲಿ ನಡೆಯುವ ಕೆಲಸದ ಬಹುಪಾಲು ಚಾಲಕ ಸಹಾಯಕ ವ್ಯವಸ್ಥೆಗೆ ಅಥವಾ ಪರದೇಶದ ರಸ್ತೆಗಳಿಗೆ ಸಂಬಂಧಿಸಿದ್ದು. ಬೆಂಗಳೂರಿನ ಮೈನಸ್ ಝೀರೋ, ಭೋಪಾಲದ ಸ್ವಾಯತ್ತ್ ರೋಬೋಟ್ಸ್‌ನಂಥ ನವೋದ್ಯಮಗಳು ನಮ್ಮ ರಸ್ತೆಯನ್ನೇ ಸವಾಲಾಗಿ ಎತ್ತಿಕೊಂಡಿವೆ. ಗಣಿ, ಬಂದರು, ಕಾರ್ಖಾನೆಯ ಆವರಣ, ಹೊಲದ ಟ್ರ್ಯಾಕ್ಟರ್ ಇವು ಸಾರ್ವಜನಿಕ ರಸ್ತೆಯ ನಿಯಮಗಳಿಂದ ಹೊರಗಿರುವ ಕಾರಣ ಅಲ್ಲಿನ ಹುದ್ದೆಗಳನ್ನೂ ಗಮನಿಸಿ. ಹೊಳಪು ಕಡಿಮೆ ಎನಿಸಿದರೂ ಚಾಲಕನಿಲ್ಲದ ವಾಹನವನ್ನು ನಿಜವಾಗಿ ಓಡಿಸಿದ ಅನುಭವ ಅಲ್ಲಿ ಬೇಗ ಸಿಗುತ್ತದೆ.

ಹುದ್ದೆಯ ಹೆಸರನ್ನು ನೋಡಿ ಮರುಳಾಗಬೇಡಿ. ಒಂದು ಕಂಪನಿಯ ಡೈರೆಕ್ಟರ್ ನೂರು ಜನರನ್ನು ನೋಡಿಕೊಂಡರೆ ಇನ್ನೊಂದು ಕಡೆಯ ಡೈರೆಕ್ಟರ್ ಎಂಟು ಜನರೊಂದಿಗೆ ಕೋಡ್ ಬರೆಯುತ್ತಿರುತ್ತಾರೆ. ಎಷ್ಟು ಜನ, ಎಷ್ಟು ಬಜೆಟ್, ವರದಿ ಯಾರಿಗೆ, ವಾಹನವನ್ನು ರಸ್ತೆಗೆ ಬಿಡುವ ಒಪ್ಪಿಗೆ ಪತ್ರಕ್ಕೆ ಸಹಿ ಯಾರದು ಎಂಬ ನಾಲ್ಕು ಪ್ರಶ್ನೆಗಳನ್ನು ನೇಮಕಾತಿ ಸಿಬ್ಬಂದಿಗೆ ಮೊದಲ ಕರೆಯಲ್ಲೇ ಕೇಳಿ. ಜನರನ್ನು ಸಂಭಾಳಿಸುವುದು ನಿಮಗೆ ಒಲ್ಲದ ಕೆಲಸವಾದರೆ ಸ್ಟಾಫ್ ಅಥವಾ ಪ್ರಿನ್ಸಿಪಲ್ ಎಂಜಿನಿಯರ್ ಎಂಬ ತಾಂತ್ರಿಕ ಹುದ್ದೆಗಳ ದಾರಿ ಹಿಡಿಯಿರಿ. ಗೌರವ, ಸಂಬಳ ಎರಡರಲ್ಲೂ ಅದೇನೂ ಕಡಿಮೆಯಲ್ಲ.

ಎರಡನೆಯ ಹೆಜ್ಜೆ: ಯಾವುದರಲ್ಲಿ ಆಳ, ಯಾವುದರಲ್ಲಿ ಪರಿಚಯ

ವಾಹನ ತನ್ನಷ್ಟಕ್ಕೆ ಓಡಲು ಒಂದು ಸರಪಳಿಯೇ ಬೇಕು. ಕ್ಯಾಮೆರಾ, ರಾಡಾರ್, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್‌ಗಳು ಸುತ್ತಲನ್ನು ಗ್ರಹಿಸಬೇಕು (ಇದೇ ಪರ್ಸೆಪ್ಷನ್), ತಾನು ಎಲ್ಲಿದ್ದೇನೆ ಎಂದು ನಕ್ಷೆಯಲ್ಲಿ ಕಂಡುಕೊಳ್ಳಬೇಕು, ಎದುರಿನದು ಏನೆಂದು ಗುರುತಿಸಬೇಕು, ಅದು ಮುಂದೇನು ಮಾಡೀತು ಎಂದು ಊಹಿಸಬೇಕು, ದಾರಿ ಯೋಜಿಸಬೇಕು, ಕೊನೆಗೆ ಸ್ಟಿಯರಿಂಗ್ ಮತ್ತು ಬ್ರೇಕನ್ನು ನಿಯಂತ್ರಿಸಬೇಕು. ಇವುಗಳಲ್ಲಿ ಒಂದರಲ್ಲಿ ನಿಮ್ಮನ್ನು ಯಾರೂ ಅಲ್ಲಾಡಿಸಲಾಗದಷ್ಟು ಆಳವಿರಲಿ. ಉಳಿದವುಗಳಲ್ಲಿ ತಂಡದ ತಜ್ಞರಿಗೆ ಸರಿಯಾದ ಪ್ರಶ್ನೆ ಕೇಳುವಷ್ಟು ಪರಿಚಯ ಸಾಕು.

ಸುರಕ್ಷತಾ ಮಾನದಂಡಗಳ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ. ಐಎಸ್‌ಒ 26262 ಯಂತ್ರಾಂಶ, ತಂತ್ರಾಂಶ ಕೆಟ್ಟಾಗ ಆಗುವ ಅಪಾಯವನ್ನು ನೋಡಿಕೊಳ್ಳುತ್ತದೆ. ಏನೂ ಕೆಡದಿದ್ದರೂ ವ್ಯವಸ್ಥೆಯ ಮಿತಿಯಿಂದಲೇ ಆಗುವ ಅಪಾಯಕ್ಕೆ, ಉದಾಹರಣೆಗೆ ಎದುರು ಬಿಸಿಲಿಗೆ ಕ್ಯಾಮೆರಾ ಕುರುಡಾದಾಗ, ಐಎಸ್‌ಒ 21448 ಇದೆ. ಸೈಬರ್ ಭದ್ರತೆಗೆ 2021ರ ಐಎಸ್‌ಒ/ಎಸ್‌ಎಇ 21434. ಚಾಲಕನೇ ಇಲ್ಲದ ವಾಹನ ಸುರಕ್ಷಿತ ಎಂದು ವಾದ ಕಟ್ಟುವುದಕ್ಕೆ ಯುಎಲ್ 4600. ಮೊದಲೆರಡರ ನಡುವಿನ ವ್ಯತ್ಯಾಸವನ್ನು ಉದಾಹರಣೆ ಕೊಟ್ಟು ವಿವರಿಸಲು ತಡವರಿಸುವ ಹಿರಿಯರನ್ನು ಕಂಡಾಗ ನನಗಂತೂ ಅಚ್ಚರಿಯಾಗುತ್ತದೆ. ಒಂದು ವಾರಾಂತ್ಯದ ಓದಿಗೆ ದಕ್ಕುವ ವಿಷಯವದು.

ಚಿತ್ರದುರ್ಗ ಜಿಲ್ಲೆಯವರಿಗೆ ಇನ್ನೊಂದು ಮಾತು. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2022ರ ಜುಲೈ 1ರಂದು ಮಾನವರಹಿತ ವಿಮಾನದ ತಂತ್ರಜ್ಞಾನ ಪ್ರದರ್ಶಕವೊಂದು ತಾನೇ ಹಾರಿ ತಾನೇ ಇಳಿದದ್ದು ಅಲ್ಲಿಯೇ. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಾಗ ಅದು ರನ್‌ವೇ ಹುಡುಕಿಕೊಂಡು ಇಳಿದದ್ದೂ ಅಲ್ಲಿಯೇ. 2024ರಲ್ಲಿ ಇನ್ನೆರಡು ಬಾರಿ, ಪಕ್ಕಕ್ಕೆ ಸರಿದ ಜಾಗದಿಂದ ಬಿಟ್ಟು, ಈ ಪರೀಕ್ಷೆ ಮಾಡಿದರು. ಇಂಥ ಕೆಲಸಗಳಲ್ಲಿ ಪಾಲ್ಗೊಂಡವರು ವಾಹನ ಕ್ಷೇತ್ರಕ್ಕೆ ಬರುವಾಗ ತಮ್ಮನ್ನು ತಾವೇ ಕಡಿಮೆ ಬೆಲೆಗೆ ಮಾರಿಕೊಳ್ಳುತ್ತಾರೆ. ಒಂದು ಸಂವೇದಕ ಸತ್ತರೂ ಇನ್ನೊಂದು ನಿಭಾಯಿಸುವ ವಿನ್ಯಾಸ, ಹಾರಾಟಕ್ಕೆ ಮುನ್ನ ನಡೆಯುವ ನಿಷ್ಠುರ ಪರಿಶೀಲನೆ, ಸಹಿಯ ಶಿಸ್ತು ಇವೆಲ್ಲ ಕಾರು ಕಂಪನಿಗಳು ಹುಡುಕುತ್ತಿರುವ ಗುಣಗಳೇ. ರನ್‌ವೇಗೆ ಕುರಿಮಂದೆ ನುಗ್ಗುವುದಿಲ್ಲ ಎಂಬ ವ್ಯತ್ಯಾಸವನ್ನು ಮಾತ್ರ ನೀವೇ ಮೊದಲು ಎತ್ತಿ ಹೇಳಿ, ಅದಕ್ಕಾಗಿ ಏನು ಕಲಿತಿರಿ ಎಂದು ತೋರಿಸಿ. ಗೋಪ್ಯ ವಿವರಗಳು ರೆಸ್ಯೂಮಿಗೆ ಬರಬಾರದು. ಸರ್ಕಾರಿ ಸೇವೆಯಿಂದ ಹೊರಬಂದವರು ಖಾಸಗಿ ಕೆಲಸಕ್ಕೆ ಬೇಕಾಗುವ ಅನುಮತಿಯ ನಿಯಮವನ್ನು ಮೊದಲೇ ಓದಿಕೊಳ್ಳಬೇಕು.

ಮೂರನೆಯ ಹೆಜ್ಜೆ: ನಿರ್ಧಾರಗಳ ಟಿಪ್ಪಣಿ

ರೆಸ್ಯೂಮಿಗೆ ಕೈಹಾಕುವ ಮುನ್ನ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನೀವು ತೆಗೆದುಕೊಂಡ ದೊಡ್ಡ ನಿರ್ಧಾರಗಳಲ್ಲಿ ಆರೇಳನ್ನು ಆರಿಸಿ, ಒಂದೊಂದಕ್ಕೂ ಒಂದು ಪುಟ ಬರೆಯಿರಿ: ಪರಿಸ್ಥಿತಿ ಏನಿತ್ತು, ಮುಂದಿದ್ದ ದಾರಿಗಳು ಯಾವುವು, ಯಾರು ವಿರೋಧಿಸಿದರು, ನೀವು ಯಾವುದನ್ನು ಆರಿಸಿದಿರಿ, ಏಕೆ, ಏನಾಯಿತು. ಕನಿಷ್ಠ ಒಂದು ಪುಟ ಬಿಡುಗಡೆಯನ್ನು ತಡೆದ ಸಂದರ್ಭದ್ದಾಗಿರಲಿ, ಒಂದು ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾಗಿ ಬಂದದ್ದು, ಒಂದು ಮೇಲಧಿಕಾರಿಗೆ ‘ಇದು ಆಗದು ಸರ್’ ಎಂದದ್ದು.

ಈ ಕೊನೆಯದೇ ನಮ್ಮವರಿಗೆ ಕಷ್ಟ. ನಮ್ಮ ಕಡೆ ‘ನಾನು ಮಾಡಿದೆ’ ಎಂದರೆ ಜಂಬ, ಹಿರಿಯರಿಗೆ ಎದುರಾಡಿದರೆ ಉದ್ಧಟತನ. ಮನೆಯಲ್ಲಿ ಅದು ಒಳ್ಳೆಯ ನಡತೆ ಇರಬಹುದು. ಸಂದರ್ಶನದಲ್ಲಿ ಮಾತ್ರ ಎಲ್ಲವನ್ನೂ ‘ತಂಡ ಮಾಡಿತು’ ಎಂದರೆ ಕೇಳುವವರು ತಂಡವನ್ನೇ ನೇಮಿಸಿಕೊಳ್ಳಲಾರರು. ತಂಡದ ಶ್ರಮವನ್ನು ತಂಡಕ್ಕೆ ಸಲ್ಲಿಸಿ, ನಿಮ್ಮ ತೀರ್ಮಾನವನ್ನು ನಿಮ್ಮದೆಂದೇ ಹೇಳಿ.

ನಾಲ್ಕನೆಯ ಹೆಜ್ಜೆ: ರೆಸ್ಯೂಮ್

ಎರಡು ಪುಟ, ಇಂಗ್ಲಿಷಿನಲ್ಲಿ. ಫೋಟೊ, ಜನ್ಮದಿನಾಂಕ, ತಂದೆಯ ಹೆಸರು ಬೇಡ. ಮೊದಲ ಅರ್ಧ ಪುಟದಲ್ಲೇ ಎಷ್ಟು ದೊಡ್ಡ ತಂಡ, ಯಾವ ಹಂತದ ವ್ಯವಸ್ಥೆ, ಅದು ರಸ್ತೆಗೆ ಬಂತೋ ಇಲ್ಲವೋ ಎಂಬುದು ತಿಳಿಯಬೇಕು. ‘ಪರ್ಸೆಪ್ಷನ್ ತಂಡದ ನಾಯಕತ್ವ, ಡೀಪ್ ಲರ್ನಿಂಗ್, ಸಿ++, ರಾಸ್, ಅಜೈಲ್’ ಎಂಬ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಹೀಗಿರಲಿ, ಇದು ಕಲ್ಪಿತ ಉದಾಹರಣೆ: ‘18 ಜನರ ಪರ್ಸೆಪ್ಷನ್ ತಂಡ. ರಾತ್ರಿಯಲ್ಲಿ ಪಾದಚಾರಿಗಳನ್ನು ಗುರುತಿಸುವ ಗುರಿ ಮುಟ್ಟದಿದ್ದಾಗ ಬಿಡುಗಡೆಯನ್ನು ಆರು ವಾರ ಮುಂದೂಡಲು ಶಿಫಾರಸು ಮಾಡಿದೆ. ದತ್ತಾಂಶ ಸಂಗ್ರಹವನ್ನು ಬೀದಿದೀಪವಿಲ್ಲದ ರಸ್ತೆಗಳತ್ತ ತಿರುಗಿಸಿದೆ. ಗುರಿ ಮುಟ್ಟಿದ ಮೇಲೆ ಎರಡು ಮಾದರಿಗಳಲ್ಲಿ ಅಳವಡಿಕೆ ಆಯಿತು.’ ಕಂಪನಿಯ ಒಳಗಿನ ಅಂಕಿಗಳನ್ನು ಬಯಲು ಮಾಡದೆಯೇ ಇಷ್ಟು ಹೇಳಲು ಸಾಧ್ಯ. ನಿಮ್ಮ ಹೆಸರಿನ ಪೇಟೆಂಟ್, ಪ್ರಬಂಧ ಇದ್ದರೆ ಕೊನೆಯಲ್ಲಿ ಎರಡು ಸಾಲು.

ಜೊತೆಗೆ ಕಳಿಸುವ ಪತ್ರ ಮುಕ್ಕಾಲು ಪುಟ ಮೀರದಿರಲಿ. ಆ ಕಂಪನಿಯ ಈಗಿನ ತೊಡಕು ಯಾವುದು ಎಂದು ನಿಮಗೆ ಅನಿಸಿದೆ, ಅದನ್ನು ಮೊದಲ ಆರು ತಿಂಗಳಲ್ಲಿ ಹೇಗೆ ಎತ್ತಿಕೊಳ್ಳುತ್ತೀರಿ ಎಂಬುದಷ್ಟೇ ಅದರಲ್ಲಿ ಸಾಕು.

ಐದನೆಯ ಹೆಜ್ಜೆ: ಅರ್ಜಿ ಯಾರ ಮೂಲಕ

ಈ ಮಟ್ಟದಲ್ಲಿ ವೆಬ್‌ಸೈಟಿನ ಅರ್ಜಿ ಪೆಟ್ಟಿಗೆಗೆ ಹಾಕಿ ಕಾಯುವುದು ಕೊನೆಯ ದಾರಿ. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಬಳಗ, ಹಿಂದಿನ ಸಹೋದ್ಯೋಗಿಗಳು, ಪೂರೈಕೆದಾರ ಕಂಪನಿಗಳಲ್ಲಿ ನಿಮ್ಮ ಕೆಲಸ ಕಂಡವರು ಇವರಲ್ಲಿ ಮೂವರಿಗೆ ಫೋನ್ ಮಾಡಿ. ‘ಕೆಲಸ ಕೊಡಿಸಿ’ ಎಂದು ಕೇಳಬೇಡಿ, ‘ಆ ತಂಡದಲ್ಲಿ ನಿಜವಾಗಿ ಏನು ನಡೆಯುತ್ತಿದೆ’ ಎಂದು ಕೇಳಿ.

ತಂದೆತಾಯಿಯ ಕಾರಣಕ್ಕೆ ಊರಿಗೆ ಮರಳಿದವರು ಒಂದು ವಿಷಯವನ್ನು ಮುಚ್ಚಿಡಬಾರದು. ವಾಹನ, ಪ್ರಯೋಗಾಲಯ, ಪರೀಕ್ಷಾ ಟ್ರ್ಯಾಕ್ ಇರುವ ಕಡೆ ನಾಯಕ ಇರಬೇಕಾಗುತ್ತದೆ. ಪೂರ್ತಿ ಮನೆಯಿಂದಲೇ ಕೆಲಸ ಎಂಬುದು ಇಲ್ಲಿ ಅಪರೂಪ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ.; ವಂದೇ ಭಾರತ್ ನಿಲ್ಲುತ್ತದೆ. ವಾರಕ್ಕೆ ಎಷ್ಟು ದಿನ ಅಲ್ಲಿರಬಲ್ಲಿರಿ ಎಂದು ಎರಡನೆಯ ಸುತ್ತಿನಲ್ಲೇ ಸ್ಪಷ್ಟಪಡಿಸಿ.

ಆರನೆಯ ಹೆಜ್ಜೆ: ಸಂದರ್ಶನ

ಸಂದರ್ಶನ ಮಾಡುವವರು ಕ್ಯಾಲಿಫೋರ್ನಿಯಾದಲ್ಲಿದ್ದರೆ, ಅಲ್ಲಿನ ಬೆಳಿಗ್ಗೆ 9 ಗಂಟೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 9.30, ಚಳಿಗಾಲದಲ್ಲಿ 10.30. ಕರೆಂಟ್ ಹೋದರೂ ನಡೆಯುವ ಯುಪಿಎಸ್, ಇನ್ನೊಂದು ಕಂಪನಿಯ ಮೊಬೈಲ್ ಡೇಟಾ ಪಕ್ಕದಲ್ಲಿರಲಿ. ಸಾಮಾನ್ಯವಾಗಿ ಐದಾರು ಸುತ್ತು ಇರುತ್ತದೆ: ತಾಂತ್ರಿಕ ಆಳ, ವ್ಯವಸ್ಥೆಯ ವಿನ್ಯಾಸ, ಜನರ ನಿರ್ವಹಣೆ, ಸುರಕ್ಷತೆ, ಕೊನೆಗೆ ಮೇಲಿನವರ ಮುಂದೆ ಒಂದು ಪ್ರಸ್ತುತಿ.

ವಿನ್ಯಾಸದ ಸುತ್ತಿಗೆ ಅಭ್ಯಾಸ ಮಾಡಲು ನಮ್ಮ ಮನೆಮುಂದಿನ ರಾಷ್ಟ್ರೀಯ ಹೆದ್ದಾರಿ 48ಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆಲ್ಲೂ ಸಿಗದು. ದಾವಣಗೆರೆಯಿಂದ ಭರಮಸಾಗರದ ಮೂಲಕ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಈ ದಾರಿಯಲ್ಲಿ ಚಾಲಕನಿಲ್ಲದ ಸರಕು ಲಾರಿ ಓಡಿಸಬೇಕು ಎಂದುಕೊಂಡು ಕಾಗದ ತೆಗೆಯಿರಿ.

ಮೊದಲು ಎಲ್ಲೆ ಹಾಕಿ. ಯಾವ ಪಥ, ಯಾವ ವೇಗ, ಹಗಲೋ ರಾತ್ರಿಯೋ, ಮಳೆ ಬಂದರೆ ಏನು? ಸರ್ವಿಸ್ ರಸ್ತೆಯನ್ನು ಹೊರಗಿಡಿ: ಸುಗ್ಗಿಯಲ್ಲಿ ಅಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ, ಬೈಕುಗಳು ಎದುರಿನಿಂದ ಬರುತ್ತವೆ. ಆಮೇಲೆ ಅತಿ ಕೆಟ್ಟ ಸನ್ನಿವೇಶವನ್ನು ಆರಿಸಿ. ನನ್ನ ಆಯ್ಕೆ: ರಾತ್ರಿ, ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಪಥದಲ್ಲೇ ಕೆಟ್ಟು ನಿಂತಿದೆ.

ಇದು ಏಕೆ ಕಠಿಣ? ಮೇಲ್ಸೇತುವೆ, ಫಲಕ, ತಡೆಬೇಲಿಗಳಿಂದಲೂ ರಾಡಾರ್‌ಗೆ ಪ್ರತಿಧ್ವನಿ ಬರುವುದರಿಂದ, ಸುಳ್ಳು ಬ್ರೇಕ್ ತಪ್ಪಿಸಲು ನಿಂತ ವಸ್ತುಗಳ ಸಂಕೇತವನ್ನು ಲೆಕ್ಕದಿಂದ ಬಿಡುವುದು ಹಲವು ವ್ಯವಸ್ಥೆಗಳ ರೂಢಿ. ಕ್ಯಾಮೆರಾಕ್ಕೆ ಕತ್ತಲಲ್ಲಿ ಕಾಣುವುದು ಹೆಡ್‌ಲೈಟ್ ತಲುಪುವಷ್ಟೇ. ಇನ್ನು ಲೆಕ್ಕ ಮಾಡಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಗುರುತಿಸಿ ಬ್ರೇಕ್ ಹತ್ತಲು ಒಂದು ಸೆಕೆಂಡ್ ಎಂದುಕೊಂಡು, ಒಣ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 4 ಮೀಟರಿನಷ್ಟು ತಗ್ಗಿಸಬಲ್ಲ ಲಾರಿಯಾದರೆ ನಿಲ್ಲಲು ಸುಮಾರು 84 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ 2.5 ಎಂದು ಹಿಡಿದರೆ 121 ಮೀಟರ್. ವೇಗವನ್ನು 60ಕ್ಕೆ ಇಳಿಸಿದರೆ ಇವೇ ಸಂಖ್ಯೆಗಳು 51 ಮತ್ತು 72. ಈಗ ನಿಮ್ಮ ಸಂವೇದಕಗಳು ಕತ್ತಲಲ್ಲಿ ನಂಬಿಕೆಯಿಂದ 90 ಮೀಟರ್ ಮಾತ್ರ ಕಾಣಬಲ್ಲವು ಎಂದಿಟ್ಟುಕೊಳ್ಳಿ. ದೂರ ಕಾಣುವ ಲೈಡಾರ್‌ಗೆ ಹಣ ಕೇಳುತ್ತೀರೋ, ರಾತ್ರಿಯ ವೇಗ ಇಳಿಸುತ್ತೀರೋ, ಮಳೆಗಾಲದ ರಾತ್ರಿಗಳನ್ನೇ ಬಿಟ್ಟುಬಿಡುತ್ತೀರೋ? ಇಳಿಸಿದ ವೇಗದಿಂದ ಸಾಗಣೆಯ ಲಾಭ ಎಷ್ಟು ಕರಗುತ್ತದೆ? ಹಿಂದಿನಿಂದ ಬರುವ ಬಸ್ಸಿಗೆ ನಿಮ್ಮ ನಿಧಾನವೇ ಅಪಾಯವಾಗುವುದಿಲ್ಲವೇ? ಪರೀಕ್ಷಕರು ನೋಡುವುದು ನೀವು ಯಾವ ಉತ್ತರ ಕೊಟ್ಟಿರಿ ಎನ್ನುವುದಕ್ಕಿಂತ ಈ ಹಗ್ಗಜಗ್ಗಾಟವನ್ನು ನೀವಾಗಿಯೇ ಕಂಡಿರೋ ಎಂಬುದನ್ನು.

ಕೊನೆಯ ಪ್ರಶ್ನೆ: ವ್ಯವಸ್ಥೆ ಕೈಕೊಟ್ಟರೆ ಲಾರಿ ಎಲ್ಲಿ ನಿಲ್ಲಬೇಕು? ‘ಪಕ್ಕಕ್ಕೆ ನಿಲ್ಲಿಸುತ್ತೇನೆ’ ಎಂದು ಥಟ್ಟನೆ ಹೇಳುವವರಿಗೆ 2023ರ ಅಕ್ಟೋಬರ್ 2ರ ಸ್ಯಾನ್ ಫ್ರಾನ್ಸಿಸ್ಕೊ ಘಟನೆ ಗೊತ್ತಿರಬೇಕು. ಬೇರೊಂದು ಕಾರು ಹೊಡೆದ ಮಹಿಳೆ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಆ ಕಾರು ನಿಂತು, ನಂತರ ಪಕ್ಕಕ್ಕೆ ಸರಿಯಲು ಹೋಗಿ ಅವರನ್ನು ಸುಮಾರು ಆರು ಮೀಟರ್ ಎಳೆದೊಯ್ಯಿತು. ಅಕ್ಟೋಬರ್ 24ರಂದು ಕ್ಯಾಲಿಫೋರ್ನಿಯಾ ರಾಜ್ಯದ ಮೋಟಾರು ವಾಹನ ಇಲಾಖೆ ಅನುಮತಿ ಅಮಾನತು ಮಾಡಿತು. ಎಳೆದೊಯ್ದ ಭಾಗವನ್ನು ಅಧಿಕಾರಿಗಳಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದೇ ಅಪಘಾತಕ್ಕಿಂತ ದೊಡ್ಡ ಪೆಟ್ಟಾಯಿತು. 2024ರ ಡಿಸೆಂಬರ್‌ನಲ್ಲಿ ಕ್ರೂಸ್‌ನ ಮಾಲೀಕ ಕಂಪನಿ ಜನರಲ್ ಮೋಟಾರ್ಸ್ ಆ ಚಾಲಕರಹಿತ ಟ್ಯಾಕ್ಸಿ ಯೋಜನೆಗೆ ಹಣ ನಿಲ್ಲಿಸಿತು.

ಸುರಕ್ಷತೆಯ ಸುತ್ತಿಗೆ ಇನ್ನೊಂದು ಘಟನೆಯನ್ನು ತಾಂತ್ರಿಕ ವಿವರ ಸಹಿತ ಓದಿಕೊಳ್ಳಿ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್‌ನ ಪರೀಕ್ಷಾ ಕಾರು ಡಿಕ್ಕಿ ಹೊಡೆದು ಅವರು ಸತ್ತರು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ವ್ಯವಸ್ಥೆ ಅವರನ್ನು ಕಂಡಿತ್ತು. ಆದರೆ ಅದೇನೆಂದು ಗುರುತಿಸುವಾಗ ಹೆಸರು ಬದಲಿಸುತ್ತಲೇ ಹೋಯಿತು; ಜೀಬ್ರಾ ಪಟ್ಟಿ ಇಲ್ಲದ ಕಡೆಯೂ ಜನ ದಾಟಬಹುದೆಂಬುದನ್ನು ವಿನ್ಯಾಸ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಹೈಸ್ಕೂಲ್ ಮೈದಾನದ ಮುಂದೆ ಐದು ನಿಮಿಷ ನಿಂತವರು ಅಂಥ ವಿನ್ಯಾಸಕ್ಕೆ ಒಪ್ಪುತ್ತಿರಲಿಲ್ಲ. ಕಾರಿನಲ್ಲಿದ್ದ ಇಬ್ಬರು ನಿಗಾ ಸಿಬ್ಬಂದಿಯನ್ನು ಅದಕ್ಕೂ ಮುನ್ನವೇ ಒಬ್ಬರಿಗೆ ಇಳಿಸಲಾಗಿತ್ತು. ‘ಆ ತೀರ್ಮಾನದ ಸಭೆಯಲ್ಲಿ ನೀವು ಇದ್ದಿದ್ದರೆ?’ ಎಂಬ ಪ್ರಶ್ನೆ ಬರುತ್ತದೆ. ವೆಚ್ಚ ಉಳಿಸುವವರನ್ನು ಬೈಯುವುದು ಸುಲಭ. ಒಬ್ಬರನ್ನು ತೆಗೆದರೆ ಯಾವ ಕೆಲಸ ಯಾರ ಪಾಲಿಗೆ ಬೀಳುತ್ತದೆ, ಅದನ್ನು ಯಂತ್ರ ಹೊರಬಲ್ಲದೆಂದು ತೋರಿಸುವ ದಾಖಲೆ ಯಾವುದು ಎಂದು ಕೇಳುತ್ತಿದ್ದೆ ಎನ್ನುವುದು ನಾಯಕನ ಉತ್ತರ.

‘ಇಷ್ಟು ಕಿ.ಮೀ. ಅಪಘಾತವಿಲ್ಲದೆ ಓಡಿಸಿದ್ದೇವೆ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಅಮೆರಿಕದ ಮಾನವ ಚಾಲಕರಷ್ಟಾದರೂ ಸುರಕ್ಷಿತ ಎಂದು ಶೇ 95ರ ವಿಶ್ವಾಸದಿಂದ ಹೇಳಲು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ, ಅಂದರೆ ಸುಮಾರು 44 ಕೋಟಿ ಕಿ.ಮೀ., ಓಡಿಸಬೇಕು ಎಂದು ರ‍್ಯಾಂಡ್ ಸಂಶೋಧನಾ ಸಂಸ್ಥೆ 2016ರಲ್ಲೇ ಲೆಕ್ಕ ಹಾಕಿತ್ತು. ಸಿಮ್ಯುಲೇಷನ್, ಟ್ರ್ಯಾಕ್ ಪರೀಕ್ಷೆ, ರಸ್ತೆ ಪರೀಕ್ಷೆ ಮೂರನ್ನೂ ಸೇರಿಸಿ ವಾದ ಕಟ್ಟುವುದು ಹೇಗೆಂದು ಹೇಳಲು ಸಿದ್ಧರಾಗಿರಿ.

ಏಳನೆಯ ಹೆಜ್ಜೆ: ನಿಮ್ಮ ಸರದಿಯ ಪ್ರಶ್ನೆಗಳು

ಹಣ ಎಷ್ಟು ತಿಂಗಳಿಗಿದೆ ಎಂದು ನವೋದ್ಯಮವನ್ನು ನೇರವಾಗಿ ಕೇಳಿ. ಫೋರ್ಡ್, ಫೋಕ್ಸ್‌ವ್ಯಾಗನ್ ಬೆಂಬಲವಿದ್ದ ಆರ್ಗೊ ಎಐ ಕೂಡ 2022ರಲ್ಲಿ ಮುಚ್ಚಿತು. ಸುರಕ್ಷತಾ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆ, ಕಳೆದ ಬಾರಿ ಬಿಡುಗಡೆ ತಡೆದವರು ಯಾರು, ಆಮೇಲೆ ಅವರಿಗೆ ಏನಾಯಿತು ಎಂಬುದನ್ನೂ ಕೇಳಿ. ಕೊನೆಯ ಪ್ರಶ್ನೆಗೆ ಕೋಣೆಯಲ್ಲಿ ಮುಖ ಮುಖ ನೋಡಿಕೊಂಡರೆ ನಾನಾದರೆ ಆ ಕೆಲಸ ಒಪ್ಪುವುದಿಲ್ಲ.

ಎಂಟನೆಯ ಹೆಜ್ಜೆ: ಆಫರ್ ಬಂದ ಮೇಲೆ

ಸಂಬಳದ ದೊಡ್ಡ ಪಾಲು ಷೇರುಗಳ ರೂಪದಲ್ಲಿರುತ್ತದೆ. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯ ಷೇರು ನಿಮ್ಮ ಕೈಸೇರಿದ ದಿನದ ಬೆಲೆಗೆ ಸಂಬಳದಂತೆ ತೆರಿಗೆ ಬೀಳುತ್ತದೆ, ಮಾರಿದಾಗ ಲಾಭದ ಮೇಲೆ ಮತ್ತೊಮ್ಮೆ. ವಿದೇಶಿ ಷೇರುಗಳನ್ನು ಆದಾಯ ತೆರಿಗೆ ವಿವರದಲ್ಲಿ ಪ್ರತ್ಯೇಕವಾಗಿ ತೋರಿಸಲೇಬೇಕು; ಇದಕ್ಕೆ ಲೆಕ್ಕಪರಿಶೋಧಕರನ್ನು ಹಿಡಿಯಿರಿ. ಪಟ್ಟಿಯಾಗದ ನವೋದ್ಯಮದ ಷೇರುಗಳನ್ನು ಮನೆಯ ಬಜೆಟ್ಟಿನಲ್ಲಿ ಸೊನ್ನೆ ಎಂದೇ ಬರೆದುಕೊಳ್ಳಿ.

ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿಯ ಬಳಿ ಸೇರಬಾರದೆಂಬ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಪ್ಯತೆಯ ಕರಾರು ನಿಲ್ಲುತ್ತದೆ. ಗೂಗಲ್‌ನ ಚಾಲಕರಹಿತ ಕಾರಿನ ಯೋಜನೆಯಿಂದ ಹೊರಬಂದು ಉಬರ್ ಸೇರಿದ ಆಂಟನಿ ಲೆವಂಡೋಸ್ಕಿ ವ್ಯಾಪಾರ ರಹಸ್ಯ ಕದ್ದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು 2020ರಲ್ಲಿ 18 ತಿಂಗಳ ಶಿಕ್ಷೆಗೆ ಒಳಗಾದರು. ಮರುವರ್ಷ ಕ್ಷಮಾದಾನ ಸಿಕ್ಕಿತು. ಆ ಅದೃಷ್ಟ ಎಲ್ಲರಿಗೂ ಇರದು. ಪೆನ್‌ಡ್ರೈವ್, ಖಾಸಗಿ ಇಮೇಲ್, ಮೊಬೈಲ್‌ನಲ್ಲಿ ತೆಗೆದ ಬೋರ್ಡಿನ ಫೋಟೊ ಯಾವುದನ್ನೂ ಜೊತೆಗೆ ಒಯ್ಯಬೇಡಿ.

ಸಹಿ ಮಾಡಿದ ಪತ್ರ ಕೈಗೆ ಬಂದು, ಅದರಲ್ಲಿ ಹುದ್ದೆ, ಊರು, ವಾರದ ಹಾಜರಾತಿ, ಷೇರುಗಳ ಕಂತು ಎಲ್ಲವೂ ಬರಹದಲ್ಲಿ ಇರುವವರೆಗೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ ಬಹಳ ಕಡೆ 90 ದಿನ. ಅದನ್ನು ಕಡಿತಗೊಳಿಸಲು ತೆರಬೇಕಾದ ಹಣವನ್ನು ಹೊಸ ಕಂಪನಿ ಕೊಡುವುದಾದರೆ ಆ ಮಾತನ್ನೂ ಅದೇ ಪತ್ರದಲ್ಲಿ ಸೇರಿಸಲು ಕೇಳಿ. ಹೊರಡುವ ಮುನ್ನ ಕೆಲಸದಿಂದ ಬಿಡುಗಡೆಯಾದ ಪತ್ರ, ಸಂಬಳದಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ, ಭವಿಷ್ಯ ನಿಧಿಯ ವಿವರ ಪಡೆದುಕೊಳ್ಳಿ. ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಗೆ ಇವು ಬೇಕಾಗುತ್ತವೆ.